ಸೊನ್ನೆ ನಂಬರಿನ ಕರೆ

ಉಪ್ಪಳ ಪೇಟೆಯ ಗಡಿನಾಡು ಗ್ರಾಹಕರ ಸಂಘದ ಕಟ್ಟಡದಲ್ಲಿ ಏ.ಸಿ. ಇದ್ದದ್ದು ಒಂದೇ ಕೋಣೆಗೆ. ಅದು ಸೆಕ್ರೆಟರಿಯ ಕೋಣೆಯಲ್ಲ. ಮಾಳಿಗೆಯ ಹಿಂಬದಿಯಲ್ಲಿ, ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ ಒಂದು ಗೂಡು. ಅಲ್ಲಿ ಸಂಘದ ದೊಡ್ಡ ಕಂಪ್ಯೂಟರ್ ಇತ್ತು, ಅದರ ಜೊತೆಗೆ ಜಲಜಾಕ್ಷಿ ಇದ್ದಳು. ಏ.ಸಿ. ಹಾಕಿಸಿದ್ದು ಕಂಪ್ಯೂಟರಿಗೆ. ಜಲಜಾಕ್ಷಿಗೆ ಅದರ ಪುಣ್ಯದಿಂದ ಬೆಳಿಗ್ಗೆ ತಂಪು, ಮಧ್ಯಾಹ್ನದ ಮೇಲೆ ನೆಗಡಿ. ಕೆಳಗಿನ ಕೌಂಟರಿನಲ್ಲಿ ಗ್ಯಾಸ್ ಸಿಲಿಂಡರಿಗಾಗಿ ಕನ್ನಡ, ತುಳು, ಮಲಯಾಳ ಎಲ್ಲದರಲ್ಲೂ ಜಗಳ ನಡೆಯುತ್ತಿದ್ದರೆ ಮೇಲೆ ಕಂಪ್ಯೂಟರಿನ ಫ್ಯಾನಿನ ಗುಂಯ್ ಶಬ್ದ ಬಿಟ್ಟು ಬೇರೆ ಸದ್ದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು "ಮೇಲೆ ಯಾರಿದ್ದಾರೆ?" ಎಂದು ಕೇಳಿದರೆ ಹಳಬರು "ಸರ್ವರ್" ಎನ್ನುತ್ತಿದ್ದರು. ಅಲ್ಲಿ ಒಂದು ಮನುಷ್ಯ ಜೀವವೂ ಇದೆಯೆಂದು ಹೇಳಲು ಅವರಿಗೆ ಹೊಳೆಯುತ್ತಿರಲಿಲ್ಲ.

ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಜಲಜಾಕ್ಷಿ ತಾನಾಗಿ ಯಾರ ಹತ್ತಿರವೂ ಮಾತು ತೆಗೆಯುವವಳಲ್ಲ. ಕೇಳಿದರೆ ಉತ್ತರ ಕೊಡುವಳು, ಚೊಕ್ಕವಾಗಿ, ತಪ್ಪಿಲ್ಲದೆ. ಕೇಳದಿದ್ದರೆ ಇಲ್ಲ. ಮಂಗಲ್ಪಾಡಿಯ ಅವಳ ಮನೆತನದಲ್ಲಿ ಎಲ್ಲರೂ ಹಾಗೆಯೇ. ಅದನ್ನು ಊರವರು ಗತ್ತು ಎಂದರು. ಗತ್ತೂ ಇಲ್ಲ, ಮಣ್ಣೂ ಇಲ್ಲ, ಮೊದಲ ಮಾತು ಆಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ ಅಷ್ಟೆ.

ಅವಳು ಬರೆದ ಪ್ರೋಗ್ರಾಮೂ ಅವಳ ಹಾಗೆಯೇ ಇತ್ತು. ಸಂಘಕ್ಕೆ ಪೆರ್ಲದಲ್ಲೊಂದು, ಬಾಯಾರಿನಲ್ಲೊಂದು ಶಾಖೆ. ಅಲ್ಲಿ ಗಿರಾಕಿ ಬಂದು ಗ್ಯಾಸ್ ಬುಕ್ ಮಾಡಿದರೆ, ಅಲ್ಲಿನ ಕಂಪ್ಯೂಟರು ತನ್ನದೇ ಹೊಟ್ಟೆಯೊಳಗಿನ ಕೆಲಸವೋ ಎಂಬಂತೆ ಒಂದು ಫಂಕ್ಷನನ್ನು ಕರೆಯುತ್ತದೆ. ನಿಜವಾಗಿ ಕೆಲಸ ನಡೆಯುವುದು ಉಪ್ಪಳದಲ್ಲಿ. ಕರೆ ಟೆಲಿಫೋನ್ ತಂತಿಯಲ್ಲಿ ಹರಿದು ಬರುತ್ತದೆ, ಜಲಜಾಕ್ಷಿ ಸಿ ಭಾಷೆಯಲ್ಲಿ ಬರೆದಿಟ್ಟ ಸರ್ವರ್ ಅದನ್ನು ಬಿಚ್ಚಿ ನಂಬರು ನೋಡುತ್ತದೆ. ಒಂದಾದರೆ ಬುಕಿಂಗ್, ಎರಡಾದರೆ ರದ್ದು, ಮೂರಾದರೆ ಹೆಸರು ಹುಡುಕುವುದು. ಆಯಾ ಕೆಲಸ ಮಾಡಿ, ಉತ್ತರ ಕಟ್ಟಿ, ಬಂದ ದಾರಿಯಲ್ಲೇ ಕಳಿಸಿ, ಮತ್ತೆ ಕಾಯುತ್ತ ಕೂರುತ್ತದೆ. ಈ ಕಾಯುವ ಜಾಗವೊಂದಿದೆಯಲ್ಲ, ಅದು ವಿಚಿತ್ರದ್ದು. ಪ್ರೋಗ್ರಾಮು ಒಮ್ಮೆ ಅದರೊಳಗೆ ಹೊಕ್ಕರೆ ಹೊರಗೆ ಬರುವುದೇ ಇಲ್ಲ. ಅದರ ಮುಂದೆ ಇನ್ನೊಂದು ಸಾಲು ಇರುತ್ತದೆ, ಇಲ್ಲಿಯವರೆಗೆ ಯಾರೂ ಬರಲಾರರು ಎಂಬ ಟಿಪ್ಪಣಿಯ ಜೊತೆಗೆ.

ಸೊನ್ನೆ ಎಂಬ ನಂಬರೂ ಒಂದುಂಟು. ಅದನ್ನು ಜಲಜಾಕ್ಷಿ ಬರೆದದ್ದಲ್ಲ. ಇಂಥ ಸರ್ವರುಗಳಿಗೆ ಬೇಕಾದ ಚೌಕಟ್ಟು ಬರೆದುಕೊಡುವ ಒಂದು ಸಿದ್ಧ ಪ್ರೋಗ್ರಾಮೇ ಅದನ್ನು ತಾನಾಗಿ ಸೇರಿಸಿತ್ತು. ಸೊನ್ನೆಗೆ ಏನನ್ನೂ ಕೊಡಬೇಕಾಗಿಲ್ಲ, ಅದು ಏನನ್ನೂ ಮಾಡುವುದಿಲ್ಲ, ಖಾಲಿ ಉತ್ತರವೊಂದನ್ನು ವಾಪಸು ಕಳಿಸುತ್ತದೆ. ಆ ಕಡೆ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲಿಕ್ಕೆ ಅಷ್ಟು ಸಾಕು. ಜಲಜಾಕ್ಷಿ ಅಲ್ಲಿ ತನ್ನ ಕೈಯಾರೆ ಸೇರಿಸಿದ್ದು ಒಂದೇ ಸಾಲು. ಯಾವ ಶಾಖೆಯಿಂದ ಸೊನ್ನೆ ಬಂತೆಂದು ಅವಳ ಪರದೆಯ ಮೇಲೆ ಬರೆಯುವ ಸಾಲು.

ಎರಡು ಸಾವಿರದ ಮೂರರಲ್ಲಿ ಪೆರ್ಲದ ಶಾಖೆಗೆ ಕಂಪ್ಯೂಟರ್ ಕೂರಿಸಲು ಅವಳೇ ಹೋಗಿದ್ದಳು. ಅಲ್ಲಿನ ಕೌಂಟರಿನಲ್ಲಿ ಇದ್ದವನು ಹರಿನಾಥ. ಅವಳಿಗಿಂತ ಸ್ವಲ್ಪ ದೊಡ್ಡವನು, ಹೆಂಡತಿ ತೀರಿಹೋಗಿ ಒಂಟಿಯಾದವನು, ಕನ್ನಡ ಮನೆಮಾತಿನವನು. ಖಾಲಿ ಸಿಲಿಂಡರಿಗೂ ಬೆನ್ನು ತಟ್ಟಿ ಮಾತಾಡಿಸುವ ಜನ. ಕಂಪ್ಯೂಟರನ್ನು ಕಂಡು ಕೈ ಹಿಂದಕ್ಕೆ ಕಟ್ಟಿ ನಿಂತವನು, ಮಧ್ಯಾಹ್ನ ಬುತ್ತಿ ಬಿಚ್ಚಿ, ಹುರುಳಿ ಚಟ್ನಿಯನ್ನು ಅವಳ ಕಡೆಗೂ ತಳ್ಳಿ, "ಇದು ತಿಂದ್ರೆ ಸಿ ಭಾಷೆಯೂ ಸಲೀಸಾಗ್ತದೆ ಮೇಡಂ" ಎಂದ. ಜಲಜಾಕ್ಷಿ ನಕ್ಕಳು. ಅವಳು ನಕ್ಕದ್ದನ್ನು ಉಪ್ಪಳದ ಆಫೀಸಿನವರು ಕಂಡಿದ್ದರೆ ಹೆದರುತ್ತಿದ್ದರು.

ಊಟವಾದ ಮೇಲೆ ಅವಳು ಪಾಠ ಹೇಳಿದಳು. ಪ್ರೋಗ್ರಾಮು ಬರೆಯುವವರಿಗೆ ಒಂದು ಚಾಳಿ ಇದೆ. ತಾವು ಬರೆದದ್ದು ಮಾಡುವ ಕೆಲಸವನ್ನೆಲ್ಲ ತಾವೇ ಮಾಡುವಂತೆ ಹೇಳುತ್ತಾರೆ. ಅವಳೂ ಹಾಗೆಯೇ ಹೇಳಿದಳು.

"ನೋಡಿ ಹರಿನಾಥಣ್ಣ, ನೀವು ಇಲ್ಲಿಂದ ಹೆಸರು ಕಳಿಸಿ, ನಾನು ಅಲ್ಲಿ ತೆಗೊಳ್ತೇನೆ, ನೋಡಿ ಉತ್ತರ ಕೊಡ್ತೇನೆ. ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲು ಒಮ್ಮೆ ಈ ಸೊನ್ನೆ ಒತ್ತಿ. ನಾನು ಇದ್ದೇನಾ ಅಂತ ಕೇಳುದು ಅದು. ಇದ್ರೆ ಹೇಳ್ತೇನೆ."

"ನೀವು ಇಲ್ಲದಿದ್ರೆ?"

"ಇಲ್ಲದಿದ್ರೆ ಎಂತದೂ ಬರುದಿಲ್ಲ. ಸ್ವಲ್ಪ ಕಾದು, ಆಗಲಿಲ್ಲ ಅಂತ ತೋರಿಸ್ತದೆ."

ಅವನು ಬಹಳ ಗೌರವದಿಂದ ಒಂದೇ ಬೆರಳಲ್ಲಿ ಸೊನ್ನೆ ಒತ್ತಿದ. ಆ ಕಾಲದ ಮೋಡೆಮು, ಆ ಕಾಲದ ತಂತಿ. ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಆಮೇಲೆ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: "ಉಪ್ಪಳ: ಇದ್ದೇನೆ." ಅಂದು ಪರೀಕ್ಷೆಗೆಂದು ಅವಳು ಉಪ್ಪಳದ ಕೋಣೆಯಲ್ಲಿ ತನ್ನ ಬದಲಿಗೆ ಬೇರೊಬ್ಬಳನ್ನು ಕೂರಿಸಿ ಬಂದಿದ್ದಾಳೆಂದು ಹರಿನಾಥ ತಿಳಿದುಕೊಂಡ. ಅವಳು ಅದನ್ನು ವಿಚಾರಿಸಲಿಲ್ಲ, ಅವನು ಅದನ್ನು ಹೇಳಲಿಲ್ಲ.

ಮೊದಲ ವಾರವೇ ಎಡವಟ್ಟು. ಹರಿನಾಥನ ಫೋನು ಬಂತು. "ಮೇಡಂ, ಇಲ್ಲಿ ಅನ್ನಪೂರ್ಣೇಶ್ವರಿ ಅಂತ ಒಬ್ರು ಬಂದಿದ್ದಾರೆ. ಅವರ ನಂಬರು ಕಳಿಸಿದ್ರೆ ನೀವು ಎಂತದೋ ಮಂತ್ರವಾದಿಯ ಭಾಷೆಯಲ್ಲಿ ಹೇಳ್ತೀರಲ್ಲ ಮಾರಾಯ್ರೆ! ಅವರು ಹೆದರಿ ಬೆಂಚಿನ ಮೇಲೆ ಕೂತಿದ್ದಾರೆ."

ತಪ್ಪು ಸಿಕ್ಕಿತು. ಉತ್ತರವನ್ನು ಅವಳು ಇಟ್ಟಿದ್ದ ಜಾಗ ಫಂಕ್ಷನಿನೊಳಗಿನದು; ಕೆಲಸ ಮುಗಿದ ಕೂಡಲೇ ಆ ಜಾಗ ಬೇರೆಯವರ ಪಾಲು. ಕಳಿಸುವ ಹೊತ್ತಿಗೆ ಅಲ್ಲಿ ಯಾವುದೋ ಕಸ. ಕೆಲಸ ಮುಗಿದ ಮೇಲೂ ಉಳಿಯುವ ಜಾಗದಲ್ಲಿ ಉತ್ತರ ಇಡಬೇಕು, ಅದಕ್ಕೆ ಒಂದೇ ಒಂದು ಪದ ಸೇರಿಸಿದರಾಯಿತು. ಸೇರಿಸಿದಳು. "ಸರಿ ಮಾಡಿದೆ, ಈಗ ಕೇಳಿ" ಎಂದಳು. "ಈಗ ಸರಿಯಾಗಿ ಹೇಳಿದ್ರಿ" ಎಂದ ಅವನು, ಮಗುವನ್ನು ಹೊಗಳುವ ಹಾಗೆ.

ಅಲ್ಲಿಂದ ಮುಂದೆ ಅವನು ಆಗಾಗ ಫೋನು ಮಾಡುತ್ತಿದ್ದ. ಗ್ಯಾಸಿನ ವಿಷಯದಿಂದ ಶುರುವಾದದ್ದು ಪೆರ್ಲದ ಬಸ್ಸು, ಅವನ ಅಡಿಗೆ, ಅವಳ ಅಮ್ಮನ ಮಂಡಿನೋವು ಎಲ್ಲಕ್ಕೂ ಹಬ್ಬುತ್ತಿತ್ತು. ಅವಳು ಒಮ್ಮೆಯೂ ತಾನಾಗಿ ಫೋನು ಮಾಡಲಿಲ್ಲ. ಆದರೆ ಅದು ಗಂಟೆ ಬಾರಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ಬೆಳಿಗ್ಗೆ ಪರದೆಯ ಮೇಲೆ "ಪೆರ್ಲ, ಸೊನ್ನೆ" ಎಂದು ಬಿದ್ದರೆ ಅವಳಿಗೆ ದಿನ ಶುರುವಾದಂತೆ. ಅಮ್ಮ ಅಮ್ಮಣಿ ಮನೆಯಲ್ಲಿ, ಹರಿನಾಥ ತಂತಿಯ ಆ ತುದಿಯಲ್ಲಿ. ಅವಳ ಲೋಕದ ಜನಸಂಖ್ಯೆ ಇಷ್ಟೇ, ಮತ್ತು ಇಷ್ಟು ಸಾಕೆಂದು ಅವಳಿಗೆ ನಿಜವಾಗಿ ಅನ್ನಿಸುತ್ತಿತ್ತು.

ಎರಡು ಸಾವಿರದ ಆರರ ಆಟಿ ತಿಂಗಳ ಮಳೆಯಲ್ಲಿ ಅಮ್ಮಣಿ ತೀರಿಕೊಂಡರು. ಬೆಳಿಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ. ಮಸ್ಕತ್ತಿನಿಂದ ತಮ್ಮ ಬಂದ, ನೆರೆಯವರು ಬಂದರು. ಸಾವಿನ ಮನೆಗೆ ಯಾರನ್ನೂ ಕರೆಯುವ ಕ್ರಮವಿಲ್ಲ, ಸುದ್ದಿ ಕೇಳಿದವರು ತಾವಾಗಿ ಬರಬೇಕು. ಬಂದವರು ಕೂತು, ಹೋಗುವಾಗ "ಬರ್ತೇನೆ" ಎನ್ನಬಾರದು. ಸುಮ್ಮನೆ ಎದ್ದು ನಡೆಯಬೇಕು. ಮನೆಯವರೂ "ಇನ್ನೊಮ್ಮೆ ಬನ್ನಿ" ಎನ್ನಬಾರದು. ಸಂಘದ ಸೆಕ್ರೆಟರಿ ಮಹಾಗಣಪತಿ ಬಂದು ಹೀಗೆಯೇ ಎದ್ದು ಹೋದರು. ಬಾಯಾರು ಶಾಖೆಯ ಚೆನ್ನಪ್ಪ ಬಸ್ಸು ಹಿಡಿದು ಬಂದ. ಪೆರ್ಲದವನು ಬರಲಿಲ್ಲ.

ಜಲಜಾಕ್ಷಿ ಜಗಲಿಯ ಕಂಬಕ್ಕೆ ಒರಗಿ ದಾರಿ ನೋಡಿದಳು. ಮಳೆ, ದೂರ, ಬಸ್ಸಿಲ್ಲ, ನಾಳೆ ಬಂದಾನು. ನಾಳೆಯೂ ಬರಲಿಲ್ಲ. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಎಲೆ ಹಾಕಿದಾಗಲೂ ಗೇಟಿನ ಸದ್ದಾದರೆ ಕತ್ತು ತಿರುಗುತ್ತಿತ್ತು. ಕೊನೆಗೆ ಉಳಿದ ಎಲೆಗಳನ್ನು ಮಡಚಿ ತೆಗೆದಿಟ್ಟರು. ತಮ್ಮ ವಿಮಾನ ಹತ್ತಿದ. ಅವಳು ಆ ಮನೆ ತಮ್ಮನ ಪಾಲಿಗೆ ಬಿಟ್ಟು, ಉಪ್ಪಳದ ರೈಲ್ವೇ ಗೇಟಿನ ಹತ್ತಿರ ಒಂದು ಸಾಲುಮನೆ ಬಾಡಿಗೆಗೆ ಹಿಡಿದಳು.

ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಅವಳ ಪರದೆ ತುಂಬ "ಪೆರ್ಲ, ಸೊನ್ನೆ", "ಪೆರ್ಲ, ಸೊನ್ನೆ". ಬೆಳಿಗ್ಗೆ ಮಾತ್ರವಲ್ಲ, ಮಧ್ಯಾಹ್ನ, ಸಂಜೆ. ಅವಳಿಗೆ ಮೈಯೆಲ್ಲ ಉರಿಯಿತು. ಅಮ್ಮ ಸತ್ತು ನಾನು ಮನೆಯಲ್ಲಿ ಬಿದ್ದಿದ್ದರೆ ಈ ಮನುಷ್ಯನಿಗೆ ಸರ್ವರು ಬಿದ್ದುಹೋದೀತು ಎಂಬ ಚಿಂತೆ! ಯಂತ್ರ ಇದೆಯೋ ಎಂದು ಇಷ್ಟು ಸಲ ಕೇಳಿದವನಿಗೆ ನಾನು ಇದ್ದೇನೋ ಎಂದು ಒಮ್ಮೆ ಕೇಳಲು ಬಾಯಿ ಇರಲಿಲ್ಲವೇ?

ಮುಂದಿನ ಸಲ ಅವನ ಫೋನು ಬಂದಾಗ "ಹೂಂ", "ಆಯ್ತು", "ನೋಡ್ತೇನೆ" ಬಿಟ್ಟು ನಾಲ್ಕನೆಯ ಮಾತು ಅವಳಿಂದ ಹೊರಡಲಿಲ್ಲ. ಅವನೂ ಏನನ್ನೋ ಹೇಳಲು ಹೊರಟು, ಸಿಲಿಂಡರಿನ ವಿಷಯ ಹೇಳಿ ಇಟ್ಟ. ಫೋನು ಅಪರೂಪವಾಯಿತು, ಕಡೆಗೆ ನಿಂತಿತು. ಸೊನ್ನೆ ಮಾತ್ರ ನಿಲ್ಲಲಿಲ್ಲ. ಕೌಂಟರ್ ತೆರೆಯುವ ಪ್ರತಿ ಬೆಳಿಗ್ಗೆ ಪೆರ್ಲದಿಂದ ಸೊನ್ನೆ ಬರುತ್ತಿತ್ತು, ಸರ್ವರು ಖಾಲಿ ಉತ್ತರ ಕಳಿಸುತ್ತಿತ್ತು, ಜಲಜಾಕ್ಷಿ ಅದನ್ನು ನೋಡುತ್ತಿದ್ದಳು. ಸಿಟ್ಟಿದ್ದರೂ ನೋಡುತ್ತಿದ್ದಳು. ನೋಡದೆ ಇದ್ದ ದಿನವೇ ಇಲ್ಲ. ವರ್ಷಗಳು ಹೀಗೆ ಹೋದವು. ಯಾಕೆ ಬರಲಿಲ್ಲ ನೀವು ಎಂಬ ಪ್ರಶ್ನೆಯೊಂದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

ಎರಡು ಸಾವಿರದ ಹದಿಮೂರರಲ್ಲಿ ಮಹಾಗಣಪತಿ ಅವಳನ್ನು ಕರೆಸಿದರು. "ಇನ್ನು ಬುಕಿಂಗ್ ಎಲ್ಲ ಕಂಪೆನಿಯ ವೆಬ್‌ಸೈಟಿನಲ್ಲಂತೆ ಮೇಡಂ. ನಮ್ಮ ಸರ್ವರಿಗೆ ಕೆಲಸ ಇಲ್ಲ. ಬಾಯಾರಿನದ್ದು ಮೊದಲು ಬಂದ್ ಮಾಡುವಾ, ತಿಂಗಳ ಕೊನೆಗೆ ಪೆರ್ಲದ್ದು. ನಿಮ್ಮನ್ನು ಕೆಳಗೆ ಲೆಕ್ಕಪತ್ರಕ್ಕೆ ಹಾಕ್ತೇನೆ, ಫ್ಯಾನಿನ ಕೆಳಗೇ ಸೀಟು ಉಂಟು, ಹೆದರ್ಬೇಡಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಸೀಟಿನ ಚಿಂತೆ ಅವಳಿಗಿರಲಿಲ್ಲ. ಬಾಯಾರು ನಿಂತ ಮೇಲೆ ಅವಳ ಪರದೆಯಲ್ಲಿ ಉಳಿದದ್ದು ಪೆರ್ಲ ಒಂದೇ. ಲೋಕದಲ್ಲಿ ದಿನಕ್ಕೊಮ್ಮೆ ಅವಳ ಕಡೆಗೆ ಬರುತ್ತಿದ್ದದ್ದು ಆ ಒಂದು ಸೊನ್ನೆ. ತಿಂಗಳು ಮುಗಿದರೆ ಅದೂ ಇಲ್ಲ. ಅದರೊಂದಿಗೆ ಕೇಳಬೇಕಾದ ಪ್ರಶ್ನೆಯೂ ಕೇಳದೆಯೇ ಉಳಿಯುತ್ತದೆ, ಯಾಕೆಂದರೆ ಲೆಕ್ಕಪತ್ರದ ಮೇಡಂ ಪೆರ್ಲದ ಕೌಂಟರಿನವನನ್ನು ಯಾವ ನೆವದಲ್ಲಿ ಮಾತಾಡಿಸುವುದು? ಇವತ್ತು ಫೋನು ಮಾಡಿ ಕೇಳಿಯೇ ಬಿಡುತ್ತೇನೆ ಎಂದು ಪ್ರತಿ ಬೆಳಿಗ್ಗೆ ನಿಶ್ಚಯಿಸುವಳು. ಸಂಜೆ ಬಾಗಿಲಿಗೆ ಬೀಗ ಹಾಕಿ ಹೋಗುವಳು.

ಕೊನೆಯ ದಿನ ಬೇಗ ಬಂದು ಕೂತಳು. ಕೌಂಟರ್ ತೆರೆಯುವ ಹೊತ್ತಾಯಿತು, ಸೊನ್ನೆ ಬರಲಿಲ್ಲ. ಬಸ್ಸು ತಡವಾಗಿರಬಹುದು. ಇನ್ನೂ ಹೊತ್ತಾಯಿತು. ಕೆಳಗೆ ಜಗಳ ಶುರುವಾಯಿತು, ಚಾದ ಹುಡುಗಿ ಬಂದು ಹೋದಳು, ಪರದೆ ಹಾಗೆಯೇ ಇತ್ತು. ಕಡೆಗೆ ಜಲಜಾಕ್ಷಿ ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಉಪ್ಪಳದ ಯಂತ್ರದಿಂದ ಪೆರ್ಲದ ಯಂತ್ರವನ್ನು ತಾನೇ ಸೊನ್ನೆ ಒತ್ತಿ ಕರೆದಳು.

ಕೂಡಲೇ ಉತ್ತರ ಬಂತು: ಅಲ್ಲಿ ಅಂಥ ಪ್ರೋಗ್ರಾಮು ಯಾವುದೂ ನೋಂದಣಿಯಾಗಿಲ್ಲ.

ಆಗದೆ ಇದ್ದದ್ದು ಸಹಜವೇ. ಪೆರ್ಲಕ್ಕೆ ಅವಳು ಕೇಳುವ ಪ್ರೋಗ್ರಾಮನ್ನು ಬರೆದುಕೊಟ್ಟಿದ್ದಳೇ ಹೊರತು ಉತ್ತರಿಸುವುದನ್ನು ಬರೆದಿರಲಿಲ್ಲ. ಅವರು ಕೇಳಬೇಕು, ತಾನು ಹೇಳಬೇಕು. ತಾನೇ ಕೇಳುವ ದಿನ ಬಂದೀತೆಂದು ಅವಳಿಗೆ ತೋರಿರಲಿಲ್ಲ. ಆ ಇಂಗ್ಲಿಷ್ ಸಾಲನ್ನು ನೋಡುತ್ತ ಕೂತವಳಿಗೆ ಅಳು ಬಂತು. ಆದರೆ ಅಳುವಾಗಲೂ ಬುದ್ಧಿ ಕೆಲಸ ಮಾಡುತ್ತಿತ್ತು: ಇಷ್ಟು ಉತ್ತರ ಬಂದಿದೆಯೆಂದರೆ ಅಲ್ಲಿ ಯಂತ್ರ ಚಾಲೂ ಇದೆ, ಅದನ್ನು ಚಾಲೂ ಮಾಡಿದವನು ಅಲ್ಲಿಯೇ ಇದ್ದಾನೆ. ಇದ್ದೂ ಸೊನ್ನೆ ಒತ್ತಲಿಲ್ಲ.

ಪೆರ್ಲದ ಕಂಪ್ಯೂಟರನ್ನು ಹೇಗೂ ವಾಪಸು ತರಬೇಕಿತ್ತು. ಡ್ರೈವರ್ ಮಂಜನ ಲಾರಿಯಲ್ಲಿ ತರಿಸಿದರೆ ಸಾಕೆಂದು ಮಹಾಗಣಪತಿ ಹೇಳಿದ್ದರು. ಜಲಜಾಕ್ಷಿ "ನಾನೇ ತರ್ತೇನೆ" ಎಂದು ಕೆಳಗೆ ಹೇಳಿ, ಸರ್ವರನ್ನು ಚಾಲೂ ಇದ್ದಂತೆಯೇ ಬಿಟ್ಟು, ಕೋಣೆಗೆ ಬೀಗ ಹಾಕಿ ಹೊರಟಳು. ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಮೇಲಿಂದ ಹೋಗುವ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಮೊದಲ ಮಾತು ಯಾವುದೆಂದು ಹುಡುಕಿದಳು. ಪೆರ್ಲ ಬಂದರೂ ಸಿಕ್ಕಲಿಲ್ಲ.

ಹರಿನಾಥ ಕೌಂಟರಿನ ಹಿಂದೆ ಕೂತಿದ್ದ. ತಲೆ ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಎದುರಿಗೆ ಕಂಪ್ಯೂಟರು ಚಾಲೂ ಇತ್ತು. ಅವಳನ್ನು ಕಂಡು ಎದ್ದು ನಿಂತ. "ಮೇಡಂ, ನೀವಾ?" ಎಂದವನು ಕುರ್ಚಿಯನ್ನು ತನ್ನ ಹೆಗಲ ಬೈರಾಸಿನಲ್ಲಿ ಒರೆಸಿ ಅವಳ ಕಡೆಗೆ ತಳ್ಳಿದ.

"ಇವತ್ತು ಸೊನ್ನೆ ಒತ್ತಲಿಲ್ಲ ನೀವು" ಎಂದಳು ಅವಳು. ಬಂದ ಮೊದಲ ಮಾತು ಅದೇ.

"ಒತ್ಲಿಲ್ಲ." ಅವನು ಕೀಲಿಮಣೆಯನ್ನು ನೋಡಿದ. "ಕೊನೆಯ ದಿನ ಅಲ್ವಾ? ಒತ್ತಿದ್ರೆ ನೀವು ಇದ್ದೇನೆ ಅಂತೀರಿ. ನಾಳೆಯಿಂದ ಯಾರನ್ನು ಕೇಳುದು? ಅದಕ್ಕೆ ನಿನ್ನೆಯದ್ದೇ ಕೊನೆ ಇರ್ಲಿ ಅಂತ ಮಾಡಿದೆ. ಬುಕಿಂಗ್ ಹೇಗೂ ಇಲ್ಲ."

ಆ ಮಾತಿನಲ್ಲಿ ಏನೋ ಇತ್ತು. ಅವಳಿಗೆ ತಕ್ಷಣ ಹೊಳೆಯಲಿಲ್ಲ, ಹೊಳೆಯುವ ಮೊದಲೇ ಗಂಟಲಿನ ಮುಳ್ಳು ಹೊರಬಂತು. "ಹರಿನಾಥಣ್ಣ, ಅಮ್ಮ ತೀರಿಕೊಂಡಾಗ ನೀವು ಯಾಕೆ ಬರ್ಲಿಲ್ಲ? ಚೆನ್ನಪ್ಪಣ್ಣ ಬಾಯಾರಿಂದ ಬಂದ್ರು. ನಾನು ಬೊಜ್ಜದ ದಿನದವರೆಗೂ ನೋಡಿದೆ."

ಹರಿನಾಥ ಮೆಲ್ಲಗೆ, ಹಳೆಯ ಗಾಯದ ಪಟ್ಟಿ ಬಿಚ್ಚುವವನಂತೆ ಹೇಳತೊಡಗಿದ.

"ಮಂಜ ಬಂದು ಹೇಳಿದ, ಉಪ್ಪಳದ ಮೇಡಂನ ತಾಯಿ ಹೋದ್ರಂತೆ ಅಂತ. ಹೊರಡ್ಲಿಕ್ಕೆ ಅಂತ ಶಟರ್ ಅರ್ಧ ಎಳೆದೆ. ಆದ್ರೂ ಒಮ್ಮೆ ಕೇಳುವಾ ಅಂತ ಸೊನ್ನೆ ಒತ್ತಿದೆ. ನೀವು ಇದ್ದೇನೆ ಅಂದ್ರಿ."

"ನಾನಾ?"

"ಹೌದು. ಹಾಗಾದ್ರೆ ನಿಮ್ಮ ತಾಯಿ ಅಲ್ಲ, ಅಲ್ಲಿ ಕೆಳಗಿನ ಅಕೌಂಟ್ಸಿನ ಮೇಡಂನ ತಾಯಿ ಇರ್ಬೇಕು, ಮಂಜನಿಗೆ ತಲೆ ಇಲ್ಲ ಅಂತ ಶಟರ್ ಪುನಃ ಎತ್ತಿದೆ. ಸಮಾಧಾನ ಆಗ್ಲಿಲ್ಲ. ಮಧ್ಯಾಹ್ನ ಒತ್ತಿದೆ, ಸಂಜೆ ಒತ್ತಿದೆ, ಮರುದಿನ ಒತ್ತಿದೆ. ಪ್ರತಿ ಸಲವೂ ನೀವು ಇದ್ರಿ. ತಾಯಿ ಸತ್ತವರು ಆಫೀಸಿನಲ್ಲಿ ಇರ್ತಾರಾ? ಬೇರೆಯವರು ಕೂತಿರ್ಬಹುದು ಅಂತ ಆಗ ಹೊಳೀಲಿಲ್ಲ, ಸತ್ತದ್ದು ನಿಮ್ಮ ತಾಯಿಯಾ ಅಂತ ಫೋನಿನಲ್ಲಿ ಕೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಚೆನ್ನಪ್ಪ, ಬೊಜ್ಜಕ್ಕೆ ನೀನು ಯಾಕೆ ಬರ್ಲಿಲ್ಲ ಮಾರಾಯ ಅಂತ ಕೇಳಿದಾಗ ಗೊತ್ತಾಯ್ತು." ಅವನು ಕನ್ನಡಕ ತೆಗೆದು ಮತ್ತೆ ಹಾಕಿದ. "ಆ ದುಃಖದಲ್ಲಿಯೂ ಬಂದು ಕೂತು ನನಗೆ ಉತ್ತರ ಕೊಟ್ಟಿದ್ದಾರೆ, ಆದ್ರೆ ವಿಷಯ ಹೇಳಿಲ್ಲ. ಹಾಗಾದ್ರೆ ನಾನು ಬರುದು ಅವರಿಗೆ ಬೇಡ ಅಂತ ಲೆಕ್ಕ ಹಾಕಿದೆ. ಬೇಡ ಅಂದವರಲ್ಲಿ ಕೇಳುದು ಎಂತ? ಬೆಳಿಗ್ಗೆ ಒಮ್ಮೆ ಇದ್ದೇನೆ ಅಂತ ಹೇಳ್ತೀರಲ್ಲ, ಅಷ್ಟು ಸಾಕು ಅಂತ ಇದ್ದೆ."

ಜಲಜಾಕ್ಷಿಗೆ ಈಗ ಹೊಳೆಯಿತು. ಹತ್ತು ವರ್ಷ ಈ ಮನುಷ್ಯ ಬೆಳಬೆಳಿಗ್ಗೆ ಅವಳನ್ನು ಮಾತಾಡಿಸಿದ್ದ. ಹತ್ತು ವರ್ಷ ಅವಳು ಅವನಿಗೆ ಉತ್ತರ ಕೊಟ್ಟಿರಲೇ ಇಲ್ಲ. ಆ "ಇದ್ದೇನೆ" ಎಂಬ ಮಾತು ಉಪ್ಪಳದಿಂದ ಬರುವುದೂ ಅಲ್ಲ. ಅಲ್ಲಿಂದ ಬರುವುದು ಖಾಲಿ. ಖಾಲಿ ಬಂದರೆ ಹೀಗೆ ಬರೆ ಎಂದು ಅವಳು ಪೆರ್ಲದ ಯಂತ್ರದೊಳಗೇ ಬರೆದಿಟ್ಟು ಹೋದ ಮಾತದು.

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಅವನಿಗೆ ಆ ಬೆಳಗುಗಳು ಉಳಿಯುತ್ತವೆ. ತಾನು ಮಾತ್ರ ತಾಯಿಯ ಹೆಣ ಬಿಟ್ಟು ಬಂದು ಕೀಲಿಮಣೆ ಒತ್ತಿದ ಕಲ್ಲಿನ ಹೆಂಗಸಾಗಿ ಅವನ ಮನಸ್ಸಿನಲ್ಲಿ ಇರುತ್ತಾಳೆ. ಹೇಳಿದರೆ ತನ್ನ ಮೇಲಿನ ಕಲ್ಲು ಇಳಿಯುತ್ತದೆ, ಅವನ ಕೈಯಲ್ಲಿದ್ದದ್ದು ಹೋಗುತ್ತದೆ. ಆದರೂ ಸುಳ್ಳಿನ ಮೇಲೆ ಕೂತ ಅವನ ನೋವನ್ನು ಹಾಗೆಯೇ ಬಿಟ್ಟು ಬರಲು ಅವಳಿಂದಾಗಲಿಲ್ಲ.

"ಈಗ ಒತ್ತಿ" ಎಂದಳು.

"ಈಗ ಎಂತ ಒತ್ತುದು? ನೀವು ಇಲ್ಲಿದ್ದೀರಲ್ಲ. ಅಲ್ಲಿ ಯಾರುಂಟು?"

"ಒತ್ತಿ, ಹರಿನಾಥಣ್ಣ."

ಅವನು ಒಂದೇ ಬೆರಳಲ್ಲಿ ಸೊನ್ನೆ ಒತ್ತಿದ. ಈಗ ತಂತಿ ಚುರುಕಾಗಿತ್ತು, ಆದರೂ ತುಸು ಹೊತ್ತು ಹಿಡಿಯಿತು. ಆಮೇಲೆ ಪರದೆಯ ಮೇಲೆ ಮೂಡಿತು.

"ಉಪ್ಪಳ: ಇದ್ದೇನೆ."

ಹರಿನಾಥ ಪರದೆಯನ್ನು ನೋಡಿದ. ಪಕ್ಕದಲ್ಲಿ ನಿಂತ ಅವಳನ್ನು ನೋಡಿದ. ಮತ್ತೊಮ್ಮೆ ಒತ್ತಿದ. ಇದ್ದೇನೆ ಎಂದಿತು. ಇನ್ನೊಮ್ಮೆ ಒತ್ತಿ, ಉತ್ತರ ಬರುವಾಗ ಅವಳ ಕೈಗಳನ್ನು ನೋಡಿದ. ಅವು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು.

"ಯಾರು ಹೇಳುದು ಇದನ್ನು?"

"ಯಾರೂ ಅಲ್ಲ. ನಿಮ್ಮ ಮೆಷಿನ್ನೇ. ಆವತ್ತು ನಾನು ಬರೆದಿಟ್ಟದ್ದು."

"ಇಷ್ಟು ವರ್ಷವೂ?"

"ಇಷ್ಟು ವರ್ಷವೂ. ಆದ್ರೆ ನೀವು ಒತ್ತಿದ್ದು ನನಗೆ ಕಾಣ್ತಿತ್ತು. ಪ್ರತಿ ದಿನ ನೋಡ್ತಿದ್ದೆ. ಉತ್ತರ ನಾನು ಕೊಟ್ಟದ್ದಲ್ಲ, ನೋಡಿದ್ದು ಮಾತ್ರ ನಾನೇ."

ಅವನು ತಲೆಯಾಡಿಸಿದ. ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. "ಹಾಗಾದ್ರೆ ಆವತ್ತು ನೀವು ಮನೆಯಲ್ಲೇ ಇದ್ದದ್ದು" ಎಂದ.

"ಮನೆಯಲ್ಲೇ. ನಿಮ್ಮ ದಾರಿ ನೋಡ್ತಾ ಇದ್ದೆ."

ಹರಿನಾಥ ಕಂಪ್ಯೂಟರನ್ನು ಆರಿಸಿದ. ತಂತಿಗಳನ್ನು ಕಿತ್ತು ಸುತ್ತಿದ. ನಳ್ಳಿಯ ಹತ್ತಿರ ಹೋಗಿ ಕೈಕಾಲು, ಮುಖ ತೊಳೆದು, ಗೂಟದಲ್ಲಿದ್ದ ಬಿಳಿ ಅಂಗಿ ಹಾಕಿ ಬಂದು, ಹಗಲು ಹೊತ್ತಿನಲ್ಲೇ ಶಟರ್ ಪೂರ್ತಿ ಎಳೆದ. ಎಲ್ಲಿಗೆಂದು ಅವಳು ಕೇಳಲಿಲ್ಲ. ಬಸ್ಸಿನಲ್ಲಿ ಅವನು ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಎರಡು ಕೈಯಲ್ಲೂ ಹಿಡಿದು ಕೂತ. ಬದಿಯಡ್ಕ, ಕುಂಬಳೆ, ಉಪ್ಪಳ.

ಸಾಲುಮನೆಯ ಮುಂದಿನ ಕೋಣೆಯ ಗೋಡೆಯಲ್ಲಿ ಅಮ್ಮಣಿಯವರ ಪಟವಿತ್ತು. ಅವನು ಪೆಟ್ಟಿಗೆಯನ್ನು ಹೊರಗೆ ಮೆಟ್ಟಿಲ ಮೇಲಿಟ್ಟು ಒಳಗೆ ಬಂದು ಪಟದ ಎದುರು ನೆಲದ ಮೇಲೆ ಕೂತ. ಸಾವಿನ ಮನೆಗೆ ಬಂದವರಿಗೆ ಚಾ ಕೇಳುವ ಕ್ರಮವಿಲ್ಲ. ಅವಳು ಕೇಳಲಿಲ್ಲ. ಗೋಡೆಗೆ ಒರಗಿ ತಾನೂ ಕೂತಳು. ಸತ್ತು ವರ್ಷಗಳಾದ ಅಮ್ಮನಿಗಾಗಿ ಅವಳಿಗೆ ಅಂದು ಸರಿಯಾದ ಅಳು ಬಂತು. ಅವನು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಕೂತಿದ್ದ. ಹೊರಗೆ ರೈಲ್ವೇ ಗೇಟು ಬಿದ್ದು ಎದ್ದಿತು.

ಬಿಸಿಲು ಇಳಿಯುವಾಗ ಅವನು ಎದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತ, ಬಾಯಿ ತೆರೆದ, ಕ್ರಮ ನೆನಪಾಗಿ ಮುಚ್ಚಿದ. ಚಪ್ಪಲಿ ಮೆಟ್ಟಿ ಸುಮ್ಮನೆ ನಡೆದ. ಸಾವಿನ ಮನೆಯಿಂದ ಹೇಗೆ ಹೋಗಬೇಕೋ ಹಾಗೆಯೇ ಹೋದ, ಅದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಜಲಜಾಕ್ಷಿ ಹೊಸ್ತಿಲಲ್ಲಿ ನಿಂತು ಆ ಬಿಳಿ ಅಂಗಿ ದೂರವಾಗುವುದನ್ನು ನೋಡಿದಳು. ನಾಳೆ ಬೆಳಿಗ್ಗೆ ಪರದೆಯೂ ಇಲ್ಲ, ಸೊನ್ನೆಯೂ ಇಲ್ಲ. ಕೆಳಗಿನ ಸೀಟು, ಫ್ಯಾನು, ಸಂಜೆ ಈ ಕೋಣೆ. ಇದೇ ಇನ್ನು.

"ಹರಿನಾಥಣ್ಣ!"

ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ತಿಳಿದಿರಲಿಲ್ಲ. ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ಹಣಕಿದಳು. ಅವನು ರೈಲ್ವೇ ಗೇಟಿನ ಹತ್ತಿರ ನಿಂತು ತಿರುಗಿದ.

"ಇನ್ನೊಮ್ಮೆ ಬನ್ನಿ."

ಹೇಳಬಾರದ ಮಾತು ಅದು, ಹೇಳಬಾರದ ಹೊತ್ತಿನಲ್ಲಿ. ಹರಿನಾಥ ಹಳಿಯ ಪಕ್ಕದಲ್ಲಿ ನಿಂತೇ ಇದ್ದ. ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಜಲಜಾಕ್ಷಿ ಕಾದಳು.

"ಯಾವಾಗ?" ಎಂದು ಅವನು ಅಲ್ಲಿಂದಲೇ ಕೂಗಿ ಕೇಳಿದ.

ಅದಕ್ಕೆ ಬರೆದಿಟ್ಟ ಉತ್ತರ ಅವಳಲ್ಲಿ ಯಾವುದೂ ಇರಲಿಲ್ಲ. ಚಪ್ಪಲಿಯನ್ನೂ ಹಾಕದೆ ಅವಳು ಮೆಟ್ಟಿಲಿಳಿದು ಗೇಟಿನ ಕಡೆಗೆ ನಡೆದಳು.